ಒಬ್ದುಲಿಯಾಳ ಕೈಬರಹ

ಗ್ವಾಸಿಮಾ ಗುಡ್ಡ, ಪೋರ್ಟೊ ರಿಕೊ
ಅಕ್ಟೋಬರ್ 29, ಭಾನುವಾರ

ಪ್ರೀತಿಯ ಗೆಳೆಯ, ಕೊಂಪಾದ್ರೆ ಅನೀಬಾಲ್,

ನಿನಗೂ, ಹೊಸದಾಗಿ ಕೂರಿಸಿದ ನಿನ್ನ ಸೊಂಟದ ಕೀಲಿಗೂ ಹೆರ್ಮಿನಿಯೊ ಮಾಡುವ ನಮಸ್ಕಾರಗಳು. ಚಂಡಮಾರುತ ಹೋಗಿ ಐದು ವಾರವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಅಂಚೆ ಕಚೇರಿ ಬಾಗಿಲು ತೆರೆದದ್ದೇ ಮೊನ್ನೆ. ಬಾಗಿಲು ಎಂದೆನೇ? ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ, ಒಬ್ಬ ಹೆಂಗಸು ಬಯಲಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾಳೆ. ಮನೆಯಲ್ಲಿದ್ದ ಕಾಗದವೆಲ್ಲ ನೆನೆದು ಒಣಗಿ ಹಪ್ಪಳದ ಹಾಗಾಗಿದೆ. ಇದು ಚೇಗೊನ ಅಂಗಡಿಯ ಕ್ಯಾಲೆಂಡರಿನ ಹಿಂಬದಿ. ತಿರುಗಿಸಿದರೆ ಮಾರ್ಚ್ ತಿಂಗಳೂ ಒಂದು ಹುಂಜದ ಚಿತ್ರವೂ ಕಾಣುತ್ತವೆ, ಗಾಬರಿಯಾಗಬೇಡ.

ಮೊದಲು ಮುಖ್ಯವಾದ ಮಾತು. ನಿನ್ನ ಅಕ್ಕ ಒಬ್ದುಲಿಯಾ, ನಮ್ಮ ದುಲಿಯಾ, ಬದುಕಿದ್ದಾಳೆ. ಹೆದ್ದಾರಿಯ ತಿರುವಿನಲ್ಲಿ ಮಾತ್ರ ಸ್ವಲ್ಪ ಸಿಗ್ನಲ್ ಸಿಗುತ್ತದೆ. ಚೇಗೊ ಅಲ್ಲಿಂದ ನಿನಗೆ ಫೋನ್ ಮಾಡಿದನಂತೆ, ಅರ್ಧ ಮಾತಿಗೇ ಕಡಿದುಹೋಯಿತಂತೆ. ನಿನಗೆ ಯಾವ ಅರ್ಧ ಕೇಳಿಸಿತೋ ಎಂಬುದೇ ನನ್ನ ಚಿಂತೆ. ಅವಳು ಬದುಕಿದ್ದಾಳೆ, ಮನೆಯ ಸೂರು ಹೋಗಿದೆ. ಎರಡನ್ನೂ ಒಟ್ಟಿಗೇ ಓದಿಕೋ.

ಗಾಳಿ ಬೆಳಿಗ್ಗೆ ಆರಕ್ಕೆ ಹಿಡಿದದ್ದು ಮಧ್ಯಾಹ್ನ ಮೂರಕ್ಕೆ ಬಿಟ್ಟಿತು. ನಮ್ಮದು ಕಾಂಕ್ರೀಟಿನ ಮನೆಯಲ್ಲವೇ, ದುಲಿಯಾ ಹಿಂದಿನ ಸಂಜೆಯೇ ಬೇಲಿ ದಾಟಿ ಬಂದಿದ್ದಳು. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ಗಂಟು. ಏನೋ ಒಡವೆಯಿರಬೇಕು ಎಂದುಕೊಂಡೆ. ಬಿಚ್ಚಿದರೆ ಚರ್ಚಿನ ಜ್ಞಾನಸ್ನಾನದ ಪುಸ್ತಕ! ಮೂವತ್ತು ವರ್ಷದಿಂದ ಈ ಗುಡ್ಡದಲ್ಲಿ ಹುಟ್ಟಿದ ಒಂದೊಂದು ಕೂಸಿನ ಹೆಸರನ್ನೂ ಅದರಲ್ಲಿ ಅವಳೇ ಬರೆಯುತ್ತ ಬಂದಿದ್ದಾಳಲ್ಲ, ಪಾದ್ರಿಗಳು ಬಂದರು ಹೋದರು, ಪುಸ್ತಕ ಮಾತ್ರ ಅವಳ ಕೈಯಲ್ಲೇ ಉಳಿಯಿತು.

"ಬಟ್ಟೆಬರೆ ಏನೂ ತರ್ಲಿಲ್ವಾ?" ಎಂದು ಕೇಳಿದೆ.

"ಬಟ್ಟೆ ಹೋದ್ರೆ ಯಾರಾದ್ರೂ ಕೊಡ್ತಾರೆ. ಇದು ಹೋದ್ರೆ ನೀವ್ಯಾರೂ ಹುಟ್ಟೇ ಇಲ್ಲ ಅಂತಾಗುತ್ತೆ," ಎಂದಳು.

ಹತ್ತು ಗಂಟೆಯ ಹೊತ್ತಿಗೆ ಅವಳ ಸೂರಿನ ತಗಡುಗಳು ಏಳತೊಡಗಿದವು. ಕಿಟಕಿಗೆ ಹೊಡೆದ ಹಲಗೆಯ ಸಂದಿನಿಂದ ಇಬ್ಬರೂ ನೋಡಿದೆವು. ಒಂದೊಂದು ಎದ್ದಾಗಲೂ ಅವಳು ಬಾಯಲ್ಲಿ ಎಣಿಸುತ್ತಿದ್ದಳು. ಹನ್ನೊಂದನೇ ತಗಡಿಗೆ ಎಣಿಕೆ ನಿಲ್ಲಿಸಿ ಹೋಗಿ ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಹಿಂದಿನ ತೊರೆ ಉಕ್ಕಿ ನಮ್ಮ ಮನೆಯೊಳಗೂ ಮೊಳಕಾಲುದ್ದ ಕೆಸರುನೀರು ಬಂತು. ಅವಳು ಪುಸ್ತಕ ತಬ್ಬಿಕೊಂಡು, ನಾನು ತೀರಿಹೋದ ನನ್ನ ಹೆಂಡತಿ ಇರಾಯ್ದಾಳ ಫೋಟೋ ತಬ್ಬಿಕೊಂಡು, ಮಂಚದ ಮೇಲೆ ನಿಂತಿದ್ದೆವು. ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನೋಡಲು ಯಾರೂ ಇರಲಿಲ್ಲ.

ಗಾಳಿ ನಿಂತ ಮೇಲೆ ಹೊರಗೆ ಬಂದರೆ ಗುಡ್ಡದ ಮೇಲೆ ಒಂದು ಎಲೆಯಿಲ್ಲ. ಬೆಂಕಿ ಬಿದ್ದು ಸುಟ್ಟ ಹಾಗೆ ಎಲ್ಲ ಕಂದು ಬಣ್ಣ. ಎದುರು ಗುಡ್ಡದಲ್ಲಿ ಆರು ಮನೆಗಳಿರುವುದು ನಲವತ್ತು ವರ್ಷ ನನಗೆ ಕಂಡಿರಲಿಲ್ಲ; ಈಗ ಅವರು ಒಣಹಾಕಿದ ಅಂಗಿಗಳ ಬಣ್ಣ ಕೂಡ ಕಾಣುತ್ತದೆ. ನದಿಯ ಸೇತುವೆ ಹೋಗಿದೆ. ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿ ಬಕೆಟ್‌ನಲ್ಲಿ ಔಷಧಿ, ಅಕ್ಕಿ, ಕಾಫಿಪುಡಿ ಎಳೆದುಕೊಳ್ಳುತ್ತೇವೆ. ಕರೆಂಟಿನ ಕಂಬಗಳು ರಸ್ತೆಗೆ ಅಡ್ಡ ಬಿದ್ದಿವೆ, ತಂತಿಗಳ ಮೇಲೆ ಹೆಂಗಸರು ಬಟ್ಟೆ ಹರವುತ್ತಾರೆ. ಇಪ್ಪತ್ತಾರು ವರ್ಷ ಮನೆಮನೆಯ ಮೀಟರ್ ಓದಿದ ನಾನು ಈಗಲೂ ದಾರಿಯಲ್ಲಿ ಹೋಗುವಾಗ ಮೀಟರ್ ಕಡೆ ಕತ್ತೆತ್ತುತ್ತೇನೆ. ಒಂದೂ ತಿರುಗುತ್ತಿಲ್ಲ.

ದುಲಿಯಾ ನಮ್ಮ ಮನೆಯಲ್ಲೇ ಇರಲಿ ಎಂದೆ. ಎರಡು ವಾರ ಇದ್ದಳು. ಆಮೇಲೆ, "ನೀರು ಇಳೀತು, ಇನ್ನು ಜನರ ಬಾಯಿ ಏರುತ್ತೆ ಹೆರ್ಮಿನಿಯೊ," ಎಂದು ಗಂಟು ಕಟ್ಟಿದಳು. ಸೈನಿಕರು ಕೊಟ್ಟ ನೀಲಿ ಟಾರ್ಪಾಲನ್ನು ನಾನೂ ಚೇಗೊನೂ ಅವಳ ಮನೆಯ ಮೇಲೆ ಬಿಗಿದಿದ್ದೇವೆ. ಒಳಗೆ ಕೂತರೆ ಎಲ್ಲರ ಮುಖವೂ ನೀಲಿ. ಅವಳ ಎದೆಯ ತೊಂದರೆ ನಿನಗೆ ಗೊತ್ತಿದೆ, ಚಿಕ್ಕಂದಿನ ಉಬ್ಬಸ. ಔಷಧಿಯ ಹಬೆ ಎಳೆದುಕೊಳ್ಳುವ ಯಂತ್ರಕ್ಕೆ ಕರೆಂಟು ಬೇಕು. ಚೇಗೊ ಅಂಗಡಿಯ ಜನರೇಟರನ್ನು ದಿನಕ್ಕೆ ಎರಡು ಗಂಟೆ ಹಾಕುತ್ತಾನೆ, ಆಗ ಹೋಗಿ ಬಿಯರ್ ಪೆಟ್ಟಿಗೆಯ ಮೇಲೆ ಕೂತು ಎಳೆದುಕೊಂಡು ಬರುತ್ತಾಳೆ. ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಸೂರು. ಗೋಡೆ ಒಣಗಬೇಕು. ಹಾಸಿಗೆ ಒಣಗಬೇಕು. ಹಸಿ ಮನೆಯಲ್ಲಿ ಆ ಎದೆ ಎಷ್ಟು ದಿನ ತಡೆದೀತು ಎಂದು ಔಷಧಿ ಕೊಡಲು ಬಂದಿದ್ದ ದಾದಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. ನನಗೇನು ಗೊತ್ತು?

ಸೂರಿಗಾಗಿ ಎಲ್ಲರೂ ಫೆಡರಲ್ ಸರ್ಕಾರಕ್ಕೆ ಅರ್ಜಿ ಹಾಕಿದ್ದೇವೆ. ಉತ್ತರವೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದೆ, ಸ್ಪ್ಯಾನಿಷ್ ಪ್ರತಿ ಆಮೇಲೆ ಬರುತ್ತದಂತೆ. ಹೀಗಾಗಿ ನಿನ್ನ ಗೆಳೆಯನಿಗೆ ಈ ಇಳಿವಯಸ್ಸಿನಲ್ಲಿ ಬಡ್ತಿ ಸಿಕ್ಕಿದೆ. ಎರಡು ವರ್ಷ ಕಾಲೇಜಿಗೆ ಹೋದವನು ಈ ಗುಡ್ಡದಲ್ಲಿ ನಾನೊಬ್ಬನೇ. ನಿನ್ನ ಹೆಗಲ ಮೇಲಿಂದ ಕಣ್ಣು ಹಾಯಿಸಿ ಪಾಸಾದ ಇಂಗ್ಲಿಷ್ ಅದು ಎಂದು ನಾನು ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ. ಗೋ, ವೆಂಟ್, ಗಾನ್. ಬ್ರಿಂಗ್, ಬ್ರಾಟ್, ಬ್ರಾಟ್. ಇಷ್ಟು ಚೆನ್ನಾಗಿ ನೆನಪಿದೆ. ಸರ್ಕಾರ ಏನನ್ನೂ ಬ್ರಾಟ್ ಮಾಡಿಲ್ಲ ಎಂಬುದೇ ತಾಪತ್ರಯ. ಚೇಗೊನ ಅಂಗಡಿಯ ಮುಂದೆ ಪತ್ರ ಹಿಡಿದು ಸಾಲು ನಿಲ್ಲುತ್ತಾರೆ. ಅವನು ಒಳಗಿಂದಲೇ ಕೂಗುತ್ತಾನೆ, "ಮಿಸ್ಟರ್ ಬಂದ್ರು, ದಾರಿ ಬಿಡ್ರೋ! ಏನಂತೆ ಮಿಸ್ಟರ್, ಮಹಾರಾಜರು ಇಂಗ್ಲಿಷ್ನಲ್ಲಿ ನಮ್ಮ ಕ್ಷೇಮ ಕೇಳ್ತಿದ್ದಾರಾ?"

ದುಲಿಯಾಳ ಪತ್ರ ಶುಕ್ರವಾರ ಬಂತು. ಓದಿದೆ. ಬೇರೇನೂ ದೋಷವಿಲ್ಲ, ಅವಳ ಅಕ್ಷರ ಓದಲಾಗುತ್ತಿಲ್ಲವಂತೆ. ಮನೆಯ ಮಾಲೀಕರು ಯಾರೆಂದು ಅವರಿಗೆ ತಿಳಿಯಲಿಲ್ಲವಂತೆ. ಹೇಳಿದ ಕೂಡಲೇ ಅವಳ ಮುಖ ನೋಡಬೇಕಿತ್ತು ನೀನು.

"ಯಾರ ಅಕ್ಷರ? ನನ್ನ ಅಕ್ಷರಾನಾ?"

"ಕಾಗದ ನೆನೆದಿತ್ತೇನೋ ದುಲಿಯಾ, ಶಾಯಿ ಹರಡಿರ್ಬೇಕು."

"ಬಿಷಪ್ ಬಂದಾಗ ನನ್ನ ಪುಸ್ತಕ ತೆಗೆದು ಬೇರೆ ಊರಿನವ್ರಿಗೆ ತೋರಿಸಿದ್ರು ಗೊತ್ತಾ? ಓದೋಕಾಗಲ್ವಂತೆ! ಕಣ್ಣಿಗೆ ಕನ್ನಡಕ ಹಾಕ್ಕೊಳ್ಳೋಕೆ ಹೇಳು ಅವ್ರಿಗೆ."

ಬೈದು ಮುಗಿಸಿ ಒಳ್ಳೆಯ ಪೆನ್ನು ಹುಡುಕಿ ಜಗುಲಿಯಲ್ಲಿ ಕೂತಳು. ಅರ್ಜಿಯನ್ನು ಇನ್ನೊಮ್ಮೆ ದುಂಡಗೆ ಬರೆದಿದ್ದಾಳೆ. ನಾಳೆ ಈ ಪತ್ರದ ಜೊತೆಗೇ ಅದೂ ಬಕೆಟ್ ಹತ್ತಿ ನದಿ ದಾಟುತ್ತದೆ. ಕ್ರಿಸ್ಮಸ್ ಹೊತ್ತಿಗೆ ತಲೆಯ ಮೇಲೆ ತಗಡು ಬರಬೇಕು.

ನಿನ್ನ ಸೊಂಟ ಬೇಗ ಕೂಡಲಿ. ಹಾರ್ಟ್‌ಫರ್ಡ್‌ನಲ್ಲಿ ಹಿಮ ಬೀಳತೊಡಗಿದರೆ ಹುಷಾರಾಗಿ ನಡೆ. ದೇವರು ನಿನ್ನ ಮೇಲೆ ಕೈಯಿಟ್ಟಿರಲಿ.

ನಿನ್ನ ಕೊಂಪಾದ್ರೆ,
ಹೆರ್ಮಿನಿಯೊ


ಗ್ವಾಸಿಮಾ ಗುಡ್ಡ
ಡಿಸೆಂಬರ್ 3, ಭಾನುವಾರ

ಪ್ರೀತಿಯ ಅನೀಬಾಲ್,

ಕ್ಷೇಮ. ನಿನ್ನ ಎರಡೂ ಪತ್ರ ಒಂದೇ ದಿನ ಬಂದವು, ಬ್ಯಾಟರಿಗಳೂ ಬಂದವು, ಹತ್ತನೇ ತಾರೀಖಿನ ವಿಮಾನದ ಟಿಕೆಟೂ ಬಂತು. ಉತ್ತರ ತಡವಾದದ್ದಕ್ಕೆ ಈ ಸಲ ಅಂಚೆಯವಳನ್ನು ದೂರಲಾರೆ. ಮಳೆ ಹಿಡಿದಿತ್ತು, ಕೈಯೂ ಕೆಲಸದಲ್ಲಿತ್ತು, ಮನಸ್ಸೂ ಅಷ್ಟಕ್ಕಷ್ಟೇ.

ಟಿಕೆಟ್ ವಿಷಯ. ದುಲಿಯಾಳ ಕೈಗೆ ನಾನೇ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಹಾರ್ಟ್‌ಫರ್ಡ್‌ನಲ್ಲಿ ಈಗ ಎಷ್ಟು ಚಳಿ?" ಎಂದು ಕೇಳಿದಳು. ನೀರು ಕಲ್ಲಾಗುವಷ್ಟು ಎಂದೆ. "ನನ್ನ ತಮ್ಮ ಬೆಚ್ಚಗಿಟ್ಕೊಳ್ತಾನೆ," ಎಂದಳು. ಎರಡು ದಿನ ಯೋಚಿಸಿದಳು. ಮೂರನೆಯ ದಿನ, "ಸೂರು ಬರೋ ಹೊತ್ತಿಗೆ ನಾನೇ ಇಲ್ದಿದ್ರೆ ಯಾರ ಹೆಸರಿಗೆ ಕೊಡ್ತಾರೆ? ಸೂರು ಹಾಕಿಸ್ಕೊಂಡು ಜನವರಿಯಲ್ಲಿ ಹೋಗ್ತೀನಿ, ತಾರೀಖು ಮುಂದಕ್ಕೆ ಹಾಕ್ಸು ಅಂತ ಬರಿ," ಎಂದಳು. ಅವಳ ಇಷ್ಟ ಅದು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಸರ್ಕಾರದಿಂದ ಎರಡನೇ ಪತ್ರ ನವೆಂಬರ್ 25ಕ್ಕೆ ಬಂತು. ಅದೇ ರಾಗ. ಸರ್ಕಾರದ ಕಾಗದ ನನಗೆ ಕಳಿಸು, ನಾನೇ ನೋಡುತ್ತೇನೆ ಎಂದು ಬರೆದಿದ್ದೀಯ. ಸೊಂಟ ಮುರಿದುಕೊಂಡು ಮಲಗಿದವನಿಗೆ ಯಾಕೆ ಆ ತೊಂದರೆ? ಇಲ್ಲಿ ನಾನಿದ್ದೇನೆ. ಚೇಗೊ ಕೂಡ ಅಂಗಡಿಯ ಮುಂದೆ ಹತ್ತು ಜನರೆದುರು ಕೇಳಿದ, "ಅಲ್ಲ ಮಿಸ್ಟರ್, ದೋನ್ಯಾ ದುಲಿಯಾ ಬರೆದದ್ದು ಓದೋಕಾಗಲ್ಲ ಅಂದ್ರೆ ನಂದೇನು ಗತಿ? ನನ್ನ ಅರ್ಜಿ ಕೋಳಿ ಕೆರೆದಂಗಿತ್ತು, ನನಗೆ ತಗಡು ಬಂದೇ ಬಿಡ್ತಲ್ಲ! ಸರಿಯಾಗಿ ಓದಿದ್ದೀರಾ?"

"ನಿನ್ನದನ್ನ ಓದಿದವನೂ ಕೋಳಿ ಸಾಕೋನಿರ್ಬೇಕು," ಎಂದೆ. ಎಲ್ಲರೂ ನಕ್ಕರು. ಚೇಗೊನೂ ನಕ್ಕ, ಆದರೆ ನನ್ನ ಮುಖವನ್ನು ಸ್ವಲ್ಪ ಹೊತ್ತು ಹೆಚ್ಚಾಗಿಯೇ ನೋಡಿದ.

ದುಲಿಯಾ ನಗಲಿಲ್ಲ. ಮೊದಲ ಸಲದ ಸಿಟ್ಟು ಈಗ ಇಲ್ಲ. ಊಟದ ಪೊಟ್ಟಣ ಬರುವ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿಟ್ಟುಕೊಂಡು ಅವುಗಳ ಮೇಲೆ ಅಕ್ಷರ ತಿದ್ದುತ್ತಾಳೆ. ಶಾಲೆಯ ಮಕ್ಕಳ ಹಾಗೆ. ಒಂದು ಸಾಲು ಪೂರ್ತಿ ಬರೀ ಓ. ಇನ್ನೊಂದು ಸಾಲು ಪೂರ್ತಿ ಬರೀ ಬಿ. ಮೊನ್ನೆ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಬಲಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು.

"ನನ್ನ ಕೈ ಹೋಯ್ತೇನೋ ಹೆರ್ಮಿನಿಯೊ. ನನಗೆ ಚೆನ್ನಾಗಿದೆ ಅಂತ್ಲೇ ಕಾಣುತ್ತೆ. ಹುಚ್ಚು ಹಿಡಿದವ್ರಿಗೂ ಹಂಗೇ ಅಂತೆ, ತಮಗೆ ತಾವು ಸರಿಯಾಗೇ ಕಾಣ್ತಾರಂತೆ."

"ಏನೂ ಹೋಗಿಲ್ಲ. ಕಾಫಿ ಕುಡಿ."

"ಪುಸ್ತಕದಲ್ಲಿ ಈಚೆಗೆ ಬರೆದ ಹೆಸರುಗಳೂ ಹಂಗೇ ಇದ್ರೆ? ಆ ಮಕ್ಕಳ ಗತಿ ಏನು? ನೀನೇ ಒಂದ್ಸಲ ಓದಿ ನೋಡು."

ಓದಿದೆ. ಗಟ್ಟಿಯಾಗಿ ಓದಿಸಿದಳು, ಮೂರು ವರ್ಷದ ಹೆಸರುಗಳನ್ನು. ಒಂದು ಕಡೆಯೂ ತಡವರಿಸಲಿಲ್ಲ. ಆದರೂ ಮುಂದಿನ ಭಾನುವಾರದ ಜ್ಞಾನಸ್ನಾನದ ಹೆಸರನ್ನು ಬೇರೆ ಯಾರಾದರೂ ಬರೆಯಲಿ ಎಂದು ಪಾದ್ರಿಗೆ ಹೇಳಿಕಳಿಸಿದ್ದಾಳೆ. ಪುಸ್ತಕವನ್ನು ನಮ್ಮ ಮನೆಯ ಬೀರುವಿನಲ್ಲಿ ಇಡಿಸಿದ್ದಾಳೆ, ಅವಳ ಮನೆಯಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಿದೆ.

ಅದನ್ನೂ ಹೇಳಿಬಿಡುತ್ತೇನೆ. ಟಾರ್ಪಾಲು ಎರಡು ಕಡೆ ಹರಿದಿದೆ. ನವೆಂಬರ್ ಮಳೆ ಗೋಡೆಯ ಮೇಲೆ ಇಳಿದು ಇಳಿದು, ಮೊದಲು ಹಸಿರು, ಈಗ ಕಪ್ಪು. ವಾರಕ್ಕೊಮ್ಮೆ ಬ್ಲೀಚು ಹಾಕಿ ಉಜ್ಜುತ್ತೇನೆ, ಮೂರು ದಿನಕ್ಕೆ ಮತ್ತೆ ಬರುತ್ತದೆ. ಕೆಮ್ಮು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ನಮ್ಮ ಮನೆಗೆ ಬಂದುಬಿಡು ಎಂದು ಮತ್ತೆ ಕರೆದೆ. "ಮನೆ ಬಿಟ್ರೆ ಅಲ್ಲಿ ಯಾರೂ ವಾಸ ಇಲ್ಲ ಅಂತ ಬರ್ಕೊಂಡು ಹೋಗ್ತಾರಂತೆ," ಎನ್ನುತ್ತಾಳೆ. ಯಾರು ಹೇಳಿದರೋ. ಹಗಲೆಲ್ಲ ಮಾತ್ರ ನಮ್ಮಲ್ಲೇ ಇರುತ್ತಾಳೆ. ನಾನು ಬಟಾಣಿ ಡಬ್ಬಿ ಒಡೆದು ಅನ್ನ ಮಾಡಿದರೆ ಅದಕ್ಕೆ ಹೆಸರಿಡುತ್ತ ತಿನ್ನುತ್ತಾಳೆ. ಅವಳು ಬಾಳೆಕಾಯಿ ಬೇಯಿಸಿದರೆ ನಾನು ಹೆಸರಿಡುತ್ತ ತಿನ್ನುತ್ತೇನೆ. ರೇಡಿಯೋದಲ್ಲಿ ಯಾರ್ಯಾರು ಯಾರ್ಯಾರನ್ನು ಹುಡುಕುತ್ತಿದ್ದಾರೆ ಎಂಬ ಪ್ರಕಟಣೆ ಬರುತ್ತದಲ್ಲ, ಅದನ್ನು ಕೇಳುತ್ತ ಕೂರುತ್ತೇವೆ.

ಕರೆಂಟಿನವರು ಒಮ್ಮೆ ಬಂದಿದ್ದರು. ಬಿದ್ದ ಕಂಬಗಳ ಸುತ್ತ ಒಂದು ಸುತ್ತು ಬಂದು, ಕಂಬ ಬಿದ್ದಿರುವುದು ನಿಜ ಎಂದು ಒಪ್ಪಿಕೊಂಡು ಹೋದರು.

ಮೂರನೇ ಸಲದ ಅರ್ಜಿ ಹೋಗಿದೆ. ಇಷ್ಟು ಚೆಂದದ ಅಕ್ಷರ ಯಾವ ಕಚೇರಿಯೂ ಕಂಡಿರಲಿಕ್ಕಿಲ್ಲ. ಜನವರಿ ಆರರ ಮೂವರು ರಾಜರ ಹಬ್ಬದೊಳಗೆ ಸೂರು ಬಂದೇ ಬರುತ್ತದೆ ಎಂದು ಅವಳಿಗೆ ಹೇಳಿದ್ದೇನೆ, ನಿನಗೂ ಹೇಳುತ್ತೇನೆ. ಕ್ರಿಸ್ಮಸ್ಸಿನ ಶುಭಾಶಯ ಈಗಲೇ ತೆಗೆದುಕೋ, ಆಮೇಲೆ ತಲುಪುತ್ತದೋ ಇಲ್ಲವೋ.

ನಿನ್ನ,
ಹೆರ್ಮಿನಿಯೊ


ಗ್ವಾಸಿಮಾ ಗುಡ್ಡ
ಫೆಬ್ರವರಿ 11, ಭಾನುವಾರ

ಅನೀಬಾಲ್,

ನಾಲ್ಕು ವಾರ ನಿನಗೆ ಏನನ್ನೂ ಬರೆಯಲಿಲ್ಲ. ಫೋನಿನಲ್ಲಿ ಚೇಗೊ ಸುದ್ದಿ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಕೈಗೆ ಕೊಡಲು ಬಂದ, ನಾನು ತೆಗೆದುಕೊಳ್ಳಲಿಲ್ಲ. ಇದಕ್ಕೆ ಕ್ಷಮೆ ಕೇಳುವುದು ಸುಲಭ, ಆದ್ದರಿಂದ ಇದನ್ನೇ ಮೊದಲು ಕೇಳುತ್ತಿದ್ದೇನೆ.

ನಿನಗೆ ಬರಲಾಗಲಿಲ್ಲ, ಆದ್ದರಿಂದ ನಡೆದದ್ದನ್ನು ನಿನಗೆ ಹೇಳಬೇಕು. ಜನವರಿ ಏಳರಿಂದ ಜ್ವರ. ಚೇಗೊನ ಜನರೇಟರ್ ಕೆಟ್ಟು ಕೂತಿತ್ತು. ಹನ್ನೊಂದಕ್ಕೆ ಅವಳ ಉಗುರು ನೀಲಿಯಾಯಿತು. ಟಾರ್ಪಾಲಿನ ಬಣ್ಣವಿರಬೇಕು ಎಂದುಕೊಂಡು ಜಗುಲಿಗೆ ಕರೆತಂದು ನೋಡಿದೆ, ಬಿಸಿಲಲ್ಲೂ ನೀಲಿ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ನದಿ ದಾಟಿಸಿದೆವು. ನೀರು ಸೊಂಟದವರೆಗಿತ್ತು. ನಡುನೀರಿನಲ್ಲಿ ಚೇಗೊ, "ದೋನ್ಯಾ ದುಲಿಯಾ, ರಾಣಿ ಥರ ಹೋಗ್ತಿದ್ದೀರಿ!" ಎಂದ. ಅವಳು ಉಸಿರು ಒಟ್ಟುಮಾಡಿಕೊಂಡು, "ರಾಣಿಯನ್ನ ಹೊರೋರು ಸ್ನಾನ ಮಾಡಿರ್ತಾರೆ ಕಣೋ," ಎಂದಳು. ನಾವು ಕೇಳಿದ ಕೊನೆಯ ತಮಾಷೆ. ಆಸ್ಪತ್ರೆಯಲ್ಲಿ ಮೂರು ದಿನ. ಹದಿನಾಲ್ಕನೇ ತಾರೀಖು, ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ ಹೋದಳು. ನಾನು ಪಕ್ಕದಲ್ಲಿದ್ದೆ. ನಿನ್ನ ಹೆಸರು ಹೇಳಿದಳು, ಅದು ಕನಸಿನಲ್ಲಿ ಹೇಳಿದ ಹಾಗಿತ್ತು.

ಮರಣಪತ್ರದಲ್ಲಿ ಸಹಜ ಸಾವು ಎಂದು ಬರೆದಿದ್ದಾರೆ. ಚಂಡಮಾರುತದ ಹೆಸರಿಲ್ಲ. ಚೇಗೊ ಆ ಗುಮಾಸ್ತನ ಮುಂದೆ ಮೇಜು ಕುಟ್ಟಿದ, "ಗಾಳಿ ಸೂರು ತಗೊಂಡು ಹೋಯ್ತು, ಮಳೆ ಎದೆ ತಗೊಂಡು ಹೋಯ್ತು, ಇದರಲ್ಲಿ ಸಹಜ ಯಾವ್ದು ತೋರ್ಸಿ ಸ್ವಾಮಿ!" ಎಂದು. ನಾನು ಅವನನ್ನು ಎಳೆದುಕೊಂಡು ಬಂದೆ. ಮೇಜು ಕುಟ್ಟುವ ಹಕ್ಕು ನನಗಿದೆಯೋ ಇಲ್ಲವೋ ಎಂಬ ಅಳುಕು ಆಗಲೇ ಇತ್ತು.

ಚರ್ಚಿನ ಹಿಂದೆ, ನಿಮ್ಮ ತಾಯಿಯ ಪಕ್ಕದಲ್ಲಿ ಹೂತೆವು. ಒಂಬತ್ತು ದಿನದ ಪ್ರಾರ್ಥನೆ ನಮ್ಮ ಮನೆಯಲ್ಲೇ ನಡೆಯಿತು, ಅವಳದರಲ್ಲಿ ಜನ ಕೂರುವಂತಿರಲಿಲ್ಲ. ಎಲ್ಲರೂ ಬಂದಿದ್ದರು, ಎದುರು ಗುಡ್ಡದ ಆ ಆರು ಮನೆಯವರೂ ಬಂದಿದ್ದರು.

ಈಗ ಕೇಳು. ಜನವರಿ ಮೂವತ್ತಕ್ಕೆ ಸಾನ್ ಹುವಾನ್‌ನಿಂದ ಒಬ್ಬ ಹೆಂಗಸು ಬಂದು ಶಾಲೆಯಲ್ಲಿ ಮೇಜು ಹಾಕಿದಳು. ಸರ್ಕಾರದ ಪತ್ರಗಳನ್ನು ಓದಿ ಹೇಳುವುದೇ ಅವಳ ಕೆಲಸ, ವಕೀಲರ ಕಚೇರಿಯವಳು. ಇನ್ನು ನನ್ನ ಸೇವೆ ಸಾಕಲ್ಲ ಎಂದು ನನಗೂ ಹಗುರವಾಗಿತ್ತು. ದುಲಿಯಾಳಿಗೆ ಸರ್ಕಾರದಿಂದ ಬಂದ ಮೂರು ಪತ್ರಗಳನ್ನೂ, ಆಮೇಲೆ ಬಂದ ಮೂರನೆಯದನ್ನೂ ಸೇರಿಸಿ, ತೆಗೆದುಕೊಂಡು ಹೋದೆ. ಸೂರು ಇನ್ನು ಯಾರಿಗೂ ಬೇಡ. ಸತ್ತಿದ್ದಾಳೆ ಎಂದು ಅವರಿಗೆ ತಿಳಿಸಬೇಕಲ್ಲ, ಅದಕ್ಕೆ.

ಅವಳು ಓದಿ, "ಅಪೀಲು ಯಾಕೆ ಮಾಡ್ಲಿಲ್ಲ?" ಎಂದು ಕೇಳಿದಳು.

"ಮೂರು ಸಲ ಬರೆದು ಕಳಿಸಿದ್ವಲ್ಲ ಮೇಡಂ. ಅಕ್ಷರ ಓದೋಕಾಗಲ್ಲ ಅಂದ್ರು, ದುಂಡಗೆ ಬರೆದ್ವಿ."

"ಅಕ್ಷರದ ಮಾತು ಎಲ್ಲಿದೆ ಇದರಲ್ಲಿ?"

ನಾನು ಬೆರಳಿಟ್ಟು ತೋರಿಸಿದೆ. ಮೇಲೆ ದಪ್ಪಗೆ ಮುದ್ರಿಸಿದ ಪದ. ಇನೆಲಿಜಿಬಲ್. ಅನೀಬಾಲ್, ನಮ್ಮ ಸ್ಪ್ಯಾನಿಷಿನಲ್ಲಿ ಓದಲಾಗದ್ದಕ್ಕೆ ಇಲೆಹೀಬ್ಲೆ ಎನ್ನುವುದಿಲ್ಲವೇ? ಕಾಗದದ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನಾನು ಅದನ್ನೇ ಅಂದುಕೊಂಡೆ. ಇಂಗ್ಲಿಷಿನಲ್ಲಿ ಅದರ ಅರ್ಥ ಅರ್ಹಳಲ್ಲ ಎಂದಂತೆ. ನಿನಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಕೆಳಗೆ ಕಾರಣ ಬರೆದಿತ್ತು. ನಿಮ್ಮ ಅಪ್ಪ ಆ ಜಾಗವನ್ನು ಬಾಯಿಮಾತಿನಲ್ಲಿ ಕೊಟ್ಟದ್ದಲ್ಲವೇ, ಈ ಗುಡ್ಡದಲ್ಲಿ ಯಾರ ಹತ್ತಿರ ಹಕ್ಕುಪತ್ರ ಇದೆ? ಮನೆ ಅವಳದೇ ಎಂಬುದಕ್ಕೆ ಪುರಾವೆಯಿಲ್ಲ ಎಂದು ಅವರು ಬರೆದದ್ದು. ಮಾಲೀಕರ ಹೆಸರು ಓದಲಾಗಲಿಲ್ಲ ಎಂದು ನಾನು ಹೇಳಿದ್ದು. ಅಂದರೆ ಮೂರು ಸಲವೂ ಅವಳು ಅದೇ ಅರ್ಜಿಯನ್ನು, ಇನ್ನಷ್ಟು ಚೆಂದವಾಗಿ, ಬರೆದು ಕಳಿಸಿದಳು. ಅವರು ಅದೇ ಉತ್ತರವನ್ನು ಕಳಿಸಿದರು.

"ಹಕ್ಕುಪತ್ರ ಇಲ್ಲದೋರಿಗೆ ಏನು ದಾರಿ ಇತ್ತು ಮೇಡಂ?" ಎಂದು ಕೇಳಿದೆ. ಕೇಳಬಾರದಿತ್ತು.

"ಸುಲಭ ಇತ್ತು ಸರ್. ಇವ್ರು ಇಷ್ಟು ವರ್ಷದಿಂದ ಈ ಮನೇಲೇ ಇದ್ದಾರೆ ಅಂತ ಪಕ್ಕದ ಮನೆಯವ್ರು ಯಾರಾದ್ರೂ ಒಂದು ಪುಟ ಬರೆದು ಸಹಿ ಹಾಕಿದ್ರೆ ಸಾಕಿತ್ತು. ಅರವತ್ತು ದಿನದ ಒಳಗೆ. ಸ್ಪ್ಯಾನಿಷ್ನಲ್ಲೇ ಬರೀಬಹುದಿತ್ತು. ಅವ್ರಿಗೆ ಪಕ್ಕದ ಮನೆಯೋರು ಯಾರೂ ಇರ್ಲಿಲ್ವಾ?"

ಇಪ್ಪತ್ತಾರು ವರ್ಷ ಆ ಮನೆಯ ಮೀಟರನ್ನು ಒಬ್ದುಲಿಯಾ ಎಂಬ ಹೆಸರಿನ ಕೆಳಗೆ ಓದಿ ಬರೆದುಕೊಂಡವನು ನಾನು. ಇದ್ದರು ಎಂದು ಹೇಳಿ ಎದ್ದು ಬಂದೆ.

ಇದನ್ನು ನೀನು ಬೇರೆ ಯಾರ ಬಾಯಿಂದಲೋ ಕೇಳುವ ಮೊದಲು ನಾನೇ ಬರೆಯಬೇಕಿತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ಚೇಗೊನಿಗೆ ಬಿಟ್ಟು. ಅವನಿಗೆ ನಾನೇ ಹೇಳಿದೆ. ಅವನು, "ನಿಮಗೆ ಗೊತ್ತಿರ್ಲಿಲ್ಲ ದೋನ್ ಹೆರ್ಮಿನಿಯೊ," ಎಂದ. ಮಿಸ್ಟರ್ ಎನ್ನಲಿಲ್ಲ. ಅಂದಿನಿಂದ ಅಂದಿಲ್ಲ.

ಜ್ಞಾನಸ್ನಾನದ ಪುಸ್ತಕ ಪಾದ್ರಿಗೆ ಒಪ್ಪಿಸಿದ್ದೇನೆ. ಅವಳ ಜಪಮಾಲೆ, ಕನ್ನಡಕ, ನಿಮ್ಮ ತಾಯಿಯ ಉಂಗುರ ಈ ಲಕೋಟೆಯ ಜೊತೆಗಿನ ಪೊಟ್ಟಣದಲ್ಲಿವೆ. ಕೋಲು ಹಿಡಿದೇ ನಡೆ, ಹಟ ಮಾಡಬೇಡ. ನಿನಗೂ ನಿನ್ನ ಮನೆಯವರಿಗೂ ದೇವರು ಆಯಸ್ಸು ಕೊಡಲಿ, ಒಣಗಿದ ಬೆಚ್ಚನೆಯ ಮನೆ ಕೊಡಲಿ. ಈ ಕಾಗದಕ್ಕೆ ಉತ್ತರ ಬರೆಯಲೇಬೇಕೆಂದು ನಾನು ಕೇಳುವುದಿಲ್ಲ.

ಹೆರ್ಮಿನಿಯೊ

ಸಹಿ ಹಾಕಿದ ಮೇಲೆ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ತಿಳಿಯದೆ ಮಾಡಿದೆ ಎಂಬಂತೆ ಬರೆದಿದ್ದೇನಲ್ಲ, ಅದು ಮೊದಲನೇ ಪತ್ರಕ್ಕೆ ಮಾತ್ರ ನಿಜ. ನವೆಂಬರ್ 25ರ ಪತ್ರದಲ್ಲಿ ಎರಡನೇ ಪುಟ ಒಂದಿತ್ತು. ಅದರಲ್ಲಿ ಅಪೀಲು ಎಂದಿತ್ತು, ಅರವತ್ತು ದಿನ ಎಂದಿತ್ತು. ಅಕ್ಷರ ಚೆನ್ನಾಗಿಲ್ಲ ಎಂದದ್ದಕ್ಕೆ ಯಾರೂ ಅಪೀಲು ಮಾಡುವುದಿಲ್ಲ. ಅಷ್ಟು ನನಗೂ ಹೊಳೆಯಿತು. ಆ ಪುಟವನ್ನು ಅವಳಿಗೆ ತೋರಿಸದೆ ಮಡಚಿ ಜೇಬಿಗೆ ಹಾಕಿಕೊಂಡೆ. ನಿನ್ನನ್ನು ಕೇಳೋಣವೆಂದು ಮಾರನೇ ದಿನ ಹೆದ್ದಾರಿಯ ತಿರುವಿನವರೆಗೂ ಹೋದೆ. ಸಿಗ್ನಲ್ ಇತ್ತು. ನಿನ್ನ ನಂಬರನ್ನು ಪೂರ್ತಿ ಒತ್ತಿ, ಅಳಿಸಿ, ವಾಪಸು ನಡೆದುಬಂದೆ. ಜನರ ಮುಂದೆ ಮಾನ ಹೋಗುತ್ತದೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಬಾಯಿ ಹಾಕಲಿಲ್ಲ ಎಂದು ನಿನಗೆ ಬರೆದದ್ದೂ ಸುಳ್ಳು. ಹೋಗಬೇಡ, ಸೂರು ಬಂದೇ ಬರುತ್ತದೆ ಎಂದು ಅವಳ ಮುಂದೆ ಕೂತು ಮೂರು ದಿನ ಹೇಳಿದವನು ನಾನೇ. ಇರಾಯ್ದಾ ಹೋದ ಮೇಲೆ ನಾಲ್ಕು ವರ್ಷ ನಾನು ಒಂದೇ ಲೋಟ ಕಾಫಿ ಕಾಯಿಸಿದ್ದೇನೆ. ಚಂಡಮಾರುತದ ಮಾರನೇ ದಿನದಿಂದ ಎರಡು ಕಾಯಿಸುತ್ತಿದ್ದೆ. ಟಿಕೆಟ್ ಇದ್ದದ್ದು ಡಿಸೆಂಬರ್ ಹತ್ತಕ್ಕೆ. ಸೂರು ಸಿಗುವುದಿಲ್ಲ ಎಂದು ತಿಳಿದಿದ್ದರೆ ಅವಳು ನಿನ್ನ ಹತ್ತಿರ ಹೊರಟುಬಿಡುತ್ತಿದ್ದಳು. ಅವಳು ಹೊರಡುವುದು ನನಗೆ ಬೇಕಿರಲಿಲ್ಲ.